ಋತುಚಕ್ರದ ಏರುಪೇರು ಮತ್ತು ಮುಟ್ಟಿನ ನೋವು: ಮನೆ ಮತ್ತು ಶಾಲೆಗಳು ಅರಿಯಬೇಕಾದ ವಿಚಾರ

ಮಾನವ ಶರೀರದ ಸಹಜ ವ್ಯಾಪಾರಗಳಲ್ಲಿ ಋತುಸ್ರಾವದಷ್ಟು ಮೌನದಲ್ಲಿ ಹುದುಗಿರುವುದು ವಿರಳ. ಹಸಿವು, ನಿದ್ರೆ, ಬೆವರುಗಳ ವಿಷಯವನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ಮನುಕುಲದ ಅರ್ಧ ಭಾಗವು ತನ್ನ ಬಾಳಿನ ಮೂವತ್ತು-ನಲವತ್ತು ವರ್ಷಗಳ ಕಾಲ ಅನುಭವಿಸುವ ಈ ಕ್ರಿಯೆಯನ್ನು ಕುರಿತು ತಾಯಿ ಮಗಳಿಗೆ ಪಿಸುಮಾತಿನಲ್ಲಿ ಹೇಳುವಳು. ಅನೇಕ ಮನೆಗಳಲ್ಲಿ ಅದನ್ನೂ ಹೇಳುವುದಿಲ್ಲ. ವಿಜಯಪುರ ಸೀಮೆಯ ಆಡುಮಾತಿನಲ್ಲಿ ಹುಡುಗಿ 'ದೊಡ್ಡಾಕಿ' ಆದಳೆಂದು ಹೇಳಿ ಆರತಿ ಬೆಳಗಿ, ಕೊಬ್ಬರಿ ಉತ್ತತ್ತಿ ಕೊಟ್ಟು ಸಂಭ್ರಮಿಸುವ ಪದ್ಧತಿಯುಂಟು. ಆದರೆ ಮರುತಿಂಗಳಿನಿಂದ ಆ ಹುಡುಗಿಗೆ ಆಗುವ ನೋವು, ಅಂಜಿಕೆ, ಸಂಶಯಗಳನ್ನು ಕೇಳುವವರು ಕಡಿಮೆ. ತರಗತಿಯಲ್ಲಿ 'ಹೊಟ್ಟಿ ಕಡಿಯಾಕತ್ತೈತಿ' ಎಂದು ಹೇಳಿ ಮನೆಗೆ ಹೊರಟ ಬಾಲಕಿಯನ್ನು ಅಕ್ಕೋರು ಕಳಿಸಿಕೊಡುವರು. ಗುರುಗಳು ಕಾರಣ ಕೇಳಲು ಸಂಕೋಚಪಡುವರು. ಹೀಗೆ ಎಲ್ಲರೂ ಅರಿತೂ ಅರಿಯದಂತಿರುವ ವಿಷಯದಲ್ಲಿ ಅಜ್ಞಾನವು ಬೆಳೆಯುವುದು ಸಹಜ. ಅದರ ಫಲವನ್ನು ಅನುಭವಿಸುವವಳು ಮಾತ್ರ ಆ ಬಾಲಕಿಯೇ.

ಈ ಅಜ್ಞಾನದಿಂದ ಮೂರು ಬಗೆಯ ಹಾನಿಯುಂಟು. ಮೊದಲನೆಯದು, ಸಹಜವಾದುದನ್ನು ರೋಗವೆಂದು ಭಾವಿಸಿ ಭಯಪಡುವುದು. ಎರಡನೆಯದು, ರೋಗವಾದುದನ್ನು ಸಹಜವೆಂದು ತಿಳಿದು ಸಹಿಸುವುದು. ಮೂರನೆಯದು, ಸಹಿಸಿ ಸಹಿಸಿ ಬೇಸತ್ತು, ಬೇಡದ ಚಿಕಿತ್ಸೆಗೆ, ಕೊನೆಗೆ ಗರ್ಭಕೋಶವನ್ನೇ ತೆಗೆಸಿಕೊಳ್ಳುವುದಕ್ಕೆ ಒಪ್ಪುವುದು. ಈ ಮೂರನ್ನೂ ತಪ್ಪಿಸಲು ಬೇಕಾದ ತಿಳಿವಳಿಕೆಯು ಒಬ್ಬ ಸಾಮಾನ್ಯ ಶಿಕ್ಷಕಿಯ ಗ್ರಹಿಕೆಗೆ ಎಟುಕುವಂಥದೇ ಆಗಿದೆ.

ಸೂತಕದ ಕಲ್ಪನೆ ಮತ್ತು ಶರಣರ ನಿಲುವು

ಮುಟ್ಟಾದವಳನ್ನು ಹೊರಗೆ ಕೂಡಿಸುವ, ಅಡಿಗೆಮನೆಗೆ ಸೇರಿಸದಿರುವ, ಉಪ್ಪಿನಕಾಯಿಯ ಭರಣಿಯನ್ನು ಮುಟ್ಟಗೊಡದಿರುವ ರೂಢಿಗಳು ನಾಡಿನ ಅನೇಕ ಕಡೆಗಳಲ್ಲಿ ಇಂದಿಗೂ ಉಳಿದಿವೆ. ಇವುಗಳಿಗೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಲಿಂಗಾಯತ ಸಮಾಜದ ಮಟ್ಟಿಗಂತೂ ಇವುಗಳಿಗೆ ಧರ್ಮದ ಆಧಾರವೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕವೆಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಇಷ್ಟಲಿಂಗವನ್ನು ಧರಿಸಿದ ಹೆಣ್ಣುಮಗಳು ತಿಂಗಳ ಯಾವ ದಿನದಲ್ಲಿಯೂ ಅದನ್ನು ತೆಗೆದಿಡಬೇಕಾಗಿಲ್ಲ, ಪೂಜೆಯನ್ನು ಬಿಡಬೇಕಾಗಿಲ್ಲ. ಆ ಕಾಲಕ್ಕೆ ಇದು ಸ್ತ್ರೀಗೆ ದೊರೆತ ಅಸಾಮಾನ್ಯ ಸ್ವಾತಂತ್ರ್ಯವಾಗಿತ್ತು.

ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ. ವಿಜಯಪುರದಲ್ಲಿ ನೆಲೆನಿಂತು ತಾಳೆಯೋಲೆಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದ ಡಾ. ಫ. ಗು. ಹಳಕಟ್ಟಿಯವರು ಆ ವಿಚಾರಗಳನ್ನು ಮನೆಮನೆಗೆ ಮುಟ್ಟಿಸಲು ತಮ್ಮ ಬಾಳನ್ನೇ ಸವೆಸಿದರು. ಇಷ್ಟಾದರೂ ರಜಸ್ಸೂತಕದ ಭಾವನೆ ಅನೇಕ ಮನೆಗಳಲ್ಲಿ ಹೆಸರು ಬದಲಿಸಿ ಬದುಕಿದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಮನೆಯ ಮದುವೆ, ಗೃಹಪ್ರವೇಶಗಳು ಹತ್ತಿರ ಬಂದಾಗ ಮುಟ್ಟನ್ನು ಮುಂದೂಡುವ ಗುಳಿಗೆಗಳನ್ನು ಔಷಧದ ಅಂಗಡಿಯಿಂದ ತಾವೇ ತಂದು ನುಂಗುವ ಹೆಂಗಸರಿದ್ದಾರೆ. ಈ ಗುಳಿಗೆಗಳು ಹಾರ್ಮೋನುಗಳು. ರಕ್ತ ಹೆಪ್ಪುಗಟ್ಟುವ ತೊಂದರೆ ಹಿಂದೆ ಆಗಿದ್ದವರಿಗೆ, ಯಕೃತ್ತಿನ ಕಾಯಿಲೆಯುಳ್ಳವರಿಗೆ ಇವು ಅಪಾಯಕಾರಿ. ಉಳಿದವರೂ ವೈದ್ಯರನ್ನು ಕೇಳದೆ ಸೇವಿಸಬಾರದು. ಸೂತಕವನ್ನೇ ಒಪ್ಪದ ಮನೆಯಲ್ಲಿ ಈ ಗುಳಿಗೆಯ ಅವಶ್ಯಕತೆಯೇ ಬೀಳುವುದಿಲ್ಲವೆಂಬುದು ವಿಚಾರಾರ್ಹ.

ಋತುಚಕ್ರದ ಸ್ವರೂಪ

ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ವಯಸ್ಸಿನೊಳಗೆ ಬಾಲಕಿಯು ಋತುಮತಿಯಾಗುವಳು. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್, ಅದರ ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿ, ಕಿಬ್ಬೊಟ್ಟೆಯಲ್ಲಿರುವ ಎರಡು ಅಂಡಾಶಯಗಳು – ಈ ಮೂರೂ ಒಂದಕ್ಕೊಂದು ಸಂದೇಶ ಕಳಿಸುತ್ತ ಋತುಚಕ್ರವನ್ನು ನಡೆಸುತ್ತವೆ. ಚಕ್ರದ ಮೊದಲರ್ಧದಲ್ಲಿ ಅಂಡಾಶಯವು ಈಸ್ಟ್ರೊಜನ್ ಎಂಬ ಹಾರ್ಮೋನನ್ನು ಸ್ರವಿಸಿ ಗರ್ಭಕೋಶದ ಒಳಪದರವನ್ನು ಬೆಳೆಸುವುದು. ನಡುವೆ ಅಂಡವೊಂದು ಬಿಡುಗಡೆಯಾಗುವುದು. ಅನಂತರ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಆ ಪದರವನ್ನು ಭ್ರೂಣಕ್ಕೆ ಆಸರೆಯಾಗುವಂತೆ ಹದಗೊಳಿಸುವುದು. ಗರ್ಭ ನಿಲ್ಲದಿದ್ದರೆ ಈ ಹಾರ್ಮೋನು ಕುಸಿದು, ಹದಗೊಂಡ ಪದರವು ಕಳಚಿ, ರಕ್ತದೊಡನೆ ಹೊರಬೀಳುವುದು. ಇದೇ ಮುಟ್ಟು. ಇದು ಹೊಲಸು ರಕ್ತವೂ ಅಲ್ಲ, ಶರೀರದ ವಿಷವೂ ಅಲ್ಲ. ಬಾರದಿದ್ದ ಅತಿಥಿಗಾಗಿ ಹಾಸಿದ ಹಾಸಿಗೆಯನ್ನು ಮಡಿಸಿಟ್ಟಂತೆ.

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗಿನ ಅಂತರವನ್ನು ಒಂದು ಚಕ್ರವೆಂದು ಎಣಿಸಬೇಕು. ಪ್ರೌಢ ಸ್ತ್ರೀಯರಲ್ಲಿ ಇದು 21ರಿಂದ 35 ದಿನಗಳವರೆಗೆ ಇರಬಹುದು. 28 ದಿನಗಳೆಂಬುದು ಒಂದು ಸರಾಸರಿ ಮಾತ್ರ. ಸ್ರಾವವು ಎರಡರಿಂದ ಏಳು ದಿನ ನಡೆಯಬಹುದು. ಒಂದು ಮುಟ್ಟಿನಲ್ಲಿ ಹೋಗುವ ರಕ್ತವು ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಅಂದರೆ ಎರಡು-ಮೂರು ದೊಡ್ಡ ಚಮಚೆಯಷ್ಟು. 80 ಮಿಲಿಲೀಟರು ಮೀರಿದರೆ ಅದನ್ನು ಅತಿಸ್ರಾವವೆಂದು ಪರಿಗಣಿಸುವುದು ವೈದ್ಯಶಾಸ್ತ್ರದ ರೂಢಿ.

ಏರುಪೇರು ಯಾವುದು, ಯಾವುದಲ್ಲ?

ಋತುಮತಿಯಾದ ಮೊದಲ ಎರಡು-ಮೂರು ವರ್ಷ ಮೆದುಳು ಮತ್ತು ಅಂಡಾಶಯಗಳ ನಡುವಣ ಹೊಂದಾಣಿಕೆ ಪೂರ್ಣಗೊಂಡಿರುವುದಿಲ್ಲ. ಅನೇಕ ತಿಂಗಳು ಅಂಡವು ಬಿಡುಗಡೆಯಾಗುವುದೇ ಇಲ್ಲ. ಆದುದರಿಂದ ಈ ಅವಧಿಯಲ್ಲಿ ಚಕ್ರವು 21ರಿಂದ 45 ದಿನಗಳವರೆಗೆ ಏರಿಳಿಯುವುದು ಸಹಜ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ತಿಕೋಟಾದ ದ್ರಾಕ್ಷಿ ತೋಟದ ಮನೆಯೊಂದರ ಹದಿಮೂರರ ಬಾಲಕಿಯು ಋತುಮತಿಯಾಗಿ ಒಂದು ವರ್ಷವಾಗಿದೆ. ಆಕೆಗೆ ಜೂನ್ 3, ಜುಲೈ 9, ಆಗಸ್ಟ್ 6, ಸೆಪ್ಟೆಂಬರ್ 16 – ಈ ದಿನಗಳಲ್ಲಿ ಮುಟ್ಟು ಆರಂಭವಾಗಿದೆ. 'ತಾರೀಖು ಒಂದೂ ಕೂಡುವುದಿಲ್ಲ' ಎಂದು ತಾಯಿ ಗಾಬರಿಗೊಳ್ಳುವಳು. 'ನನಗೆ ತಪ್ಪದೆ ತಿಂಗಳಿಗೆ ಆಗುತ್ತಿತ್ತು' ಎಂದು ಆಯಿ ಹೇಳುವಳು. ಆದರೆ ದಿನಗಳನ್ನು ಎಣಿಸಿ ನೋಡಿದರೆ ಅಂತರಗಳು ಕ್ರಮವಾಗಿ 36, 28 ಮತ್ತು 41 ದಿನಗಳು. ಮೂರೂ ಆ ವಯಸ್ಸಿನ ಸಹಜ ಮಿತಿಯೊಳಗೇ ಇವೆ. ಸ್ರಾವವು ಏಳು ದಿನ ಮೀರದೆ, ನೋವು ಸಹ್ಯವಾಗಿದ್ದರೆ ಈ ಬಾಲಕಿಗೆ ಔಷಧದ ಅವಶ್ಯಕತೆಯಿಲ್ಲ, ಧೈರ್ಯದ ಅವಶ್ಯಕತೆಯಿದೆ. ಇದೇ ಬಾಲಕಿಗೆ ಸೆಪ್ಟೆಂಬರಿನ ನಂತರ ಡಿಸೆಂಬರ್ ಕಳೆದರೂ ಮುಟ್ಟು ಬಾರದಿದ್ದರೆ ಅಂತರವು 90 ದಿನಗಳನ್ನು ಮೀರುವುದು. ಆಗ ವೈದ್ಯರನ್ನು ಕಾಣಲೇಬೇಕು.

ಎಂದರೆ, ಏರುಪೇರನ್ನು ನಿರ್ಣಯಿಸುವ ಮೊದಲ ಸಾಧನವು ಗೋಡೆಯ ಮೇಲಿನ ಕ್ಯಾಲೆಂಡರು. ಮುಟ್ಟು ಆರಂಭವಾದ ದಿನಕ್ಕೆ ಒಂದು ಚುಕ್ಕೆ, ನಿಂತ ದಿನಕ್ಕೆ ಇನ್ನೊಂದು ಚುಕ್ಕೆ ಇಡುವ ಅಭ್ಯಾಸವನ್ನು ಪ್ರತಿಯೊಬ್ಬ ಬಾಲಕಿಗೂ ಕಲಿಸಬೇಕು. ಆರು ತಿಂಗಳ ಇಂಥ ದಾಖಲೆಯು ವೈದ್ಯರ ಕೈಗೆ ಸಿಕ್ಕರೆ ಅವರ ಅರ್ಧ ಕೆಲಸ ಮುಗಿದಂತೆ.

ಏರುಪೇರಿನ ಕಾರಣಗಳು

ಬೆಳೆದ ಹುಡುಗಿಯರಲ್ಲಿ ಮತ್ತು ಸ್ತ್ರೀಯರಲ್ಲಿ ಚಕ್ರವು ತಪ್ಪಲು ಕಾರಣಗಳು ಅನೇಕ. ವಿವಾಹಿತೆಯರಲ್ಲಿ ಮೊದಲು ಗರ್ಭಧಾರಣೆಯನ್ನು ಪರೀಕ್ಷಿಸಿಕೊಳ್ಳಬೇಕು. ಮಗುವಿಗೆ ಹಾಲೂಡುವ ಕಾಲದಲ್ಲಿ ಮುಟ್ಟು ತಡವಾಗುವುದು ಸಹಜ. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದರೆ ಮುಟ್ಟು ಅತಿಯಾಗಬಹುದು, ಹೆಚ್ಚಾದರೆ ವಿರಳವಾಗಬಹುದು. ಸಾಕಷ್ಟು ಆಹಾರವಿಲ್ಲದೆ ತೂಕ ಇಳಿದಾಗ, ಮಿತಿಮೀರಿದ ದೈಹಿಕ ಶ್ರಮದಲ್ಲಿ, ಮನಸ್ಸಿನ ಒತ್ತಡದಲ್ಲಿ ಮೆದುಳು ತಾನಾಗಿಯೇ ಋತುಚಕ್ರವನ್ನು ತಡೆಹಿಡಿಯುವುದು. ಹತ್ತನೆಯ ತರಗತಿಯ ಪರೀಕ್ಷೆಯ ಕಾಲದಲ್ಲಿ ಹುಡುಗಿಯರ ಮುಟ್ಟು ಹಿಂದುಮುಂದಾದರೆ ಆಶ್ಚರ್ಯಪಡಬೇಕಾಗಿಲ್ಲ.

ಇಂದು ಹೆಚ್ಚಾಗಿ ಕೇಳಿಬರುವ ಕಾರಣವೆಂದರೆ ಬಹುಕೋಶ ಅಂಡಾಶಯ ಲಕ್ಷಣಕೂಟ. ಪಿ.ಸಿ.ಒ.ಎಸ್. ಎಂಬ ಹೆಸರಿನಿಂದ ಇದು ಪ್ರಸಿದ್ಧ. ಜಗತ್ತಿನಲ್ಲಿ ಸುಮಾರು ಹತ್ತು ಸ್ತ್ರೀಯರಲ್ಲಿ ಒಬ್ಬರಿಗೆ ಇದು ಇರುವುದೆಂದು ಅಂದಾಜು. ಅಂಡ ಬಿಡುಗಡೆಯು ಅನಿಯಮಿತವಾಗುವುದು, ಪುರುಷ ಹಾರ್ಮೋನಿನ ಪ್ರಮಾಣ ಏರಿ ಮುಖದಲ್ಲಿ ಮೊಡವೆ, ಗದ್ದದಲ್ಲಿ ಕೂದಲು ಕಾಣಿಸುವುದು ಇದರ ಲಕ್ಷಣಗಳು. ಅನೇಕರಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಮುಂದೆ ಮಧುಮೇಹ ಬರುವ ಸಂಭವ ಹೆಚ್ಚು. ತೂಕ ಹೆಚ್ಚಿರುವವರು ಅದನ್ನು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿಕೊಂಡರೂ ಅನೇಕರಲ್ಲಿ ಚಕ್ರವು ಹಾದಿಗೆ ಬರುವುದು. ಆದರೆ ಎಳೆಯ ಹುಡುಗಿಯರ ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ಸಹಜವಾಗಿಯೇ ಕಾಣುವುದರಿಂದ, ಕೇವಲ ಒಂದು ಸ್ಕ್ಯಾನಿಂಗ್ ಚಿತ್ರವನ್ನು ನೋಡಿ ಹದಿನಾಲ್ಕರ ಬಾಲಕಿಗೆ ಈ ರೋಗದ ಹೆಸರನ್ನು ಅಂಟಿಸುವುದು ಸರಿಯಲ್ಲ.

ನಲವತ್ತು ದಾಟಿದ ಶಿಕ್ಷಕಿಯರಿಗೂ ತಾಯಂದಿರಿಗೂ ಒಂದು ಮಾತು ಅವಶ್ಯ. ಮುಟ್ಟು ನಿಲ್ಲುವ ಮುನ್ನಿನ ಕೆಲವು ವರ್ಷ ಚಕ್ರವು ಹಿಂದುಮುಂದಾಗುವುದು ಸಹಜ. ಆದರೆ ಹನ್ನೆರಡು ತಿಂಗಳು ಪೂರ್ತಿ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಸಹಜವಲ್ಲ. ಕ್ಯಾನ್ಸರಿನ ಸೂಚನೆಯಿರಬಹುದಾದುದರಿಂದ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು.

ನೋವಿನ ಮೂಲ

ಮುಟ್ಟಿನ ನೋವು ಹೆಣ್ಣಿನ ಹಣೆಬರಹವೆಂದೂ, ಮದುವೆಯಾದರೆ ತಾನೇ ಹೋಗುವುದೆಂದೂ ಹಿರಿಯರು ಹೇಳುವುದುಂಟು. ವಿಜ್ಞಾನವು ಈ ನೋವಿನ ಬೇರನ್ನು ಕಂಡುಹಿಡಿದಿದೆ. 1935ರಲ್ಲಿ ಸ್ವೀಡನ್ನಿನ ವಿಜ್ಞಾನಿ ಫಾನ್ ಆಯ್ಲರ್ ಎಂಬವರು ಪುರುಷರ ವೀರ್ಯದಲ್ಲಿ ಕಂಡ ವಸ್ತುವೊಂದಕ್ಕೆ, ಅದು ಪ್ರೊಸ್ಟೇಟ್ ಗ್ರಂಥಿಯಿಂದ ಬಂದುದೆಂದು ತಿಳಿದು, 'ಪ್ರೊಸ್ಟಗ್ಲಾಂಡಿನ್' ಎಂದು ಹೆಸರಿಟ್ಟರು. 1957ರಲ್ಲಿ ಬ್ರಿಟನ್ನಿನ ಪಿಕಲ್ಸ್ ಎಂಬ ವಿಜ್ಞಾನಿಯು ಮುಟ್ಟಿನ ರಕ್ತದಲ್ಲಿ ಸ್ನಾಯುವನ್ನು ಸಂಕೋಚಗೊಳಿಸುವ ವಸ್ತುವಿರುವುದನ್ನು ತೋರಿಸಿದರು. ಅದು ಇದೇ ಪ್ರೊಸ್ಟಗ್ಲಾಂಡಿನ್ ಗುಂಪಿನದೆಂದು ಮುಂದೆ ಸಿದ್ಧವಾಯಿತು. 1971ರಲ್ಲಿ ಜಾನ್ ವೇನ್ ಅವರು ಆಸ್ಪಿರಿನ್ ಜಾತಿಯ ಔಷಧಗಳು ಈ ವಸ್ತುವಿನ ಉತ್ಪತ್ತಿಯನ್ನೇ ತಡೆಯುವುದನ್ನು ಸಾಧಿಸಿ ತೋರಿಸಿದರು. 1982ರ ವೈದ್ಯಕೀಯ ನೊಬೆಲ್ ಪಾರಿತೋಷಕವು ಅವರಿಗೂ, ಬೆರ್ಗ್‌ಸ್ಟ್ರೋಮ್ ಮತ್ತು ಸಾಮ್ಯುಯೆಲ್ಸನ್ ಎಂಬ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ಸಂದಿತು.

ಗರ್ಭಕೋಶದ ಒಳಪದರವು ಕಳಚುವಾಗ ಪ್ರೊಸ್ಟಗ್ಲಾಂಡಿನ್ ಬಿಡುಗಡೆಯಾಗುವುದು. ಅದರ ಪ್ರಭಾವದಿಂದ ಗರ್ಭಕೋಶವು ಮುಷ್ಟಿಯಂತೆ ಬಿಗಿದು ಸಡಿಲಗೊಳ್ಳುವುದು. ಬಿಗಿದಾಗ ಅದರ ಸ್ನಾಯುವಿಗೆ ರಕ್ತದ ಪೂರೈಕೆ ಕಡಿಮೆಯಾಗಿ ನೋವು ಹುಟ್ಟುವುದು. ಇದೇ ವಸ್ತುವು ಕರುಳನ್ನೂ ಕೆರಳಿಸುವುದರಿಂದ ವಾಕರಿಕೆ, ಭೇದಿ, ತಲೆನೋವು ಕಾಣಿಸಿಕೊಳ್ಳಬಹುದು. ಆದುದರಿಂದ ತರಗತಿಯಲ್ಲಿ ಮುದುಡಿ ಕುಳಿತ ಹುಡುಗಿಯು ನೆವ ಹೇಳುತ್ತಿಲ್ಲ. ಆಕೆಯ ಶರೀರದಲ್ಲಿ ಅಳೆದು ತೋರಿಸಬಹುದಾದ ಒಂದು ರಾಸಾಯನಿಕ ವ್ಯಾಪಾರ ನಡೆದಿರುವುದು.

ಈ ಬಗೆಯ ನೋವಿಗೆ ಪ್ರಾಥಮಿಕ ಮುಟ್ಟುನೋವು ಎಂದು ಹೆಸರು. ಋತುಮತಿಯಾದ ಆರು ತಿಂಗಳು, ಒಂದು ವರ್ಷದ ಬಳಿಕ, ಅಂಡ ಬಿಡುಗಡೆಯು ಆರಂಭವಾದಾಗ ಇದು ಮೊದಲಾಗುವುದು; ಮುಟ್ಟಿನೊಡನೆ ಬಂದು ಎರಡು-ಮೂರು ದಿನಗಳಲ್ಲಿ ಇಳಿಯುವುದು. ಇನ್ನೊಂದು ಬಗೆಯು ರೋಗಜನ್ಯವಾದುದು. ಗರ್ಭಕೋಶದ ಒಳಪದರದಂಥ ಅಂಗಾಂಶವು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಗಡ್ಡೆಗಳು, ಸೋಂಕು ಮುಂತಾದವು ಇದಕ್ಕೆ ಕಾರಣ. ಈ ನೋವು ವರ್ಷದಿಂದ ವರ್ಷಕ್ಕೆ ಏರುವುದು. ಮುಟ್ಟಿಲ್ಲದ ದಿನಗಳಲ್ಲಿಯೂ ಕಾಡುವುದು.

ನೋವನ್ನು ತಗ್ಗಿಸುವ ಉಪಾಯಗಳು

ಮೊದಲನೆಯದು ಶಾಖ. ಕಿಬ್ಬೊಟ್ಟೆಗೆ ಬಿಸಿನೀರಿನ ರಬ್ಬರು ಚೀಲವನ್ನು ಬಟ್ಟೆ ಸುತ್ತಿ ಇಟ್ಟರೆ ಸ್ನಾಯು ಸಡಿಲಗೊಂಡು ರಕ್ತ ಸಂಚಾರ ಹೆಚ್ಚುವುದು. ಚೀಲವಿಲ್ಲದ ಮನೆಯಲ್ಲಿ ದಪ್ಪ ಬಟ್ಟೆಯನ್ನು ಹಂಚಿನ ಮೇಲೆ ಕಾಯಿಸಿ ಶಾಖ ಕೊಡಬಹುದು. ಚರ್ಮ ಸುಡದಂತೆ ಎಚ್ಚರ ವಹಿಸಬೇಕು. ಶಾಖದ ಉಪಯೋಗವು ಅಜ್ಜಿಯರ ಅನುಭವವಷ್ಟೇ ಅಲ್ಲ, ಪರೀಕ್ಷೆಗಳಲ್ಲಿಯೂ ಸಿದ್ಧವಾಗಿದೆ. ಮೂರು ದಿನ ಮೀಯಬಾರದೆಂಬ ನಂಬಿಕೆಯು ತಪ್ಪು. ಬಿಸಿನೀರಿನ ಸ್ನಾನವು ನೋವನ್ನು ಇಳಿಸುವುದಲ್ಲದೆ ಶುಚಿತ್ವಕ್ಕೂ ಅವಶ್ಯ.

ಎರಡನೆಯದು ಚಲನೆ. ನೋವಿನ ದಿನ ವಿಶ್ರಾಂತಿ ಬೇಕೆನಿಸಿದರೆ ಪಡೆಯಬೇಕು. ಆದರೆ ತಿಂಗಳ ಉಳಿದ ದಿನಗಳಲ್ಲಿ ವಾರಕ್ಕೆ ಮೂರು ಬಾರಿಯಾದರೂ ಮುಕ್ಕಾಲು ಗಂಟೆ ನಡಿಗೆ, ಆಟ, ಯೋಗಾಸನಗಳಲ್ಲಿ ತೊಡಗುವ ಹುಡುಗಿಯರಲ್ಲಿ ನೋವಿನ ತೀವ್ರತೆ ತಗ್ಗುವುದು. ಮುಟ್ಟಾದವಳು ಆಟದ ಬಯಲಿಗೆ ಇಳಿಯಬಾರದೆಂಬ ನಿಯಮವಿಲ್ಲ. ಇಳಿಯಲೇಬೇಕೆಂಬ ಬಲವಂತವೂ ಬೇಡ.

ಮೂರನೆಯದು ಔಷಧ. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ, ನ್ಯಾಪ್ರೊಕ್ಸೆನ್ ಎಂಬ ಔಷಧಗಳು ಪ್ರೊಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನೇ ತಡೆಯುವುವು. ಆದುದರಿಂದ ನೋವು ಉಲ್ಬಣಿಸಿದ ಮೇಲೆ ನುಂಗುವುದಕ್ಕಿಂತ, ನೋವು ಅಥವಾ ಸ್ರಾವ ಆರಂಭವಾಗುತ್ತಲೇ ತೆಗೆದುಕೊಂಡರೆ ಗುಣ ಹೆಚ್ಚು. ಬರಿಯ ಹೊಟ್ಟೆಯಲ್ಲಿ ನುಂಗಬಾರದು. ಊಟವಾದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಎರಡು-ಮೂರು ದಿನ ಮಾತ್ರ ಸಾಕು. ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ಪಿರಿನ್ನಿನಿಂದ ಕೆರಳುವ ದಮ್ಮು ಇರುವವರು ಮತ್ತು ಗರ್ಭಿಣಿಯರು ಇವನ್ನು ತಾವಾಗಿ ಸೇವಿಸಬಾರದು. ಮೆಫೆನಾಮಿಕ್ ಆಮ್ಲವು ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು, ಒಳ ಅಂಗಗಳ ತೊಂದರೆಗಳನ್ನುಂಟುಮಾಡುವ ತೀವ್ರ ಅಲರ್ಜಿಗೆ ಕಾರಣವಾಗಬಹುದೆಂದು ಭಾರತೀಯ ಔಷಧಕೋಶ ಆಯೋಗವು 2023ರ ನವೆಂಬರಿನಲ್ಲಿ ಎಚ್ಚರಿಸಿದೆ. ಗುಳಿಗೆ ನುಂಗಿದ ಮೇಲೆ ದದ್ದು ಕಂಡರೆ ಅದನ್ನು ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಈ ಔಷಧಗಳಿಂದಲೂ ನೋವು ತಗ್ಗದವರಿಗೆ ಹಾರ್ಮೋನಿನ ಗುಳಿಗೆಗಳುಂಟು. ಅವಿವಾಹಿತೆಗೆ ಇವನ್ನು ಬರೆದುಕೊಟ್ಟರೆಂದು ತಂದೆತಾಯಿಗಳು ತಪ್ಪು ತಿಳಿಯಬಾರದು. ಇವು ಆ ನೋವಿಗೇ ಮಾನ್ಯವಾದ ಚಿಕಿತ್ಸೆ.

ಶುಂಠಿಯ ಕಷಾಯದಿಂದ ಕೆಲವರಿಗೆ ಗುಣ ಕಾಣುವುದು. ಅದನ್ನು ಕುಡಿಯಲು ಅಡ್ಡಿಯಿಲ್ಲ. ಆದರೆ ಹೆಸರಿಲ್ಲದ ಪುಡಿ, ಭಸ್ಮಗಳನ್ನು ಬಾಲಕಿಯರಿಗೆ ಕೊಡಬಾರದು.

ರಕ್ತಹೀನತೆಯೆಂಬ ಮೌನ ಶತ್ರು

ಮುಟ್ಟಿನ ಏರುಪೇರಿನೊಡನೆ ಹೆಣೆದುಕೊಂಡ ಇನ್ನೊಂದು ಸಮಸ್ಯೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಭಾರತದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುವುದು. 40 ಮಿಲಿಲೀಟರು ರಕ್ತ ಹೋದರೆ 20 ಮಿಲಿಗ್ರಾಂ, 80 ಹೋದರೆ 40 ಮಿಲಿಗ್ರಾಂ ಕಬ್ಬಿಣ ನಷ್ಟವಾದಂತೆ. ಅತಿಸ್ರಾವವುಳ್ಳ ಬಾಲಕಿಯು ತಿಂಗಳು ತಿಂಗಳಿಗೆ ಸೊರಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವುದು, ಪಾಠದಲ್ಲಿ ಗಮನ ನಿಲ್ಲದಿರುವುದು ಈ ನಷ್ಟದ ಲೆಕ್ಕದಿಂದಲೇ ಅರ್ಥವಾಗುವುದು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಅವಶ್ಯ.

ಈ ಸೀಮೆಯ ಆಹಾರವು ಬಡವಾದುದಲ್ಲ. ಸಜ್ಜಿಯ ರೊಟ್ಟಿ, ಮಡಕಿ ಮತ್ತು ಹೆಸರುಕಾಳಿನ ಪಲ್ಯೆ, ಸೊಪ್ಪುಗಳು, ಗುರೆಳ್ಳು ಮತ್ತು ಅಗಸಿಯ ಹಿಂಡಿ, ತಿಕೋಟಾ ಪರಿಸರದ ಒಣದ್ರಾಕ್ಷಿ – ಇವೆಲ್ಲ ಕಬ್ಬಿಣಾಂಶಕ್ಕೆ ನೆರವಾಗುವ ಪದಾರ್ಥಗಳೇ. ಊಟದೊಡನೆ ಲಿಂಬೆಯ ರಸ ಹಿಂಡಿಕೊಂಡರೆ ಕಬ್ಬಿಣವು ಚೆನ್ನಾಗಿ ಹೀರಲ್ಪಡುವುದು. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುವುದು. ಆದರೆ ರಕ್ತಹೀನತೆ ಬಂದ ಮೇಲೆ ಆಹಾರವೊಂದೇ ಸಾಲದು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುವುವು. ಈ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವೆಂದು ಮೊದಲೇ ತಿಳಿಸಿದರೆ ಮಕ್ಕಳು ಅಂಜಿ ಅದನ್ನು ಬಿಸಾಡುವುದು ತಪ್ಪೀತು.

ವೈದ್ಯರನ್ನು ಯಾವಾಗ ಕಾಣಬೇಕು?

ಕೆಳಗಿನ ಸೂಚನೆಗಳನ್ನು ಪ್ರತಿ ಶಿಕ್ಷಕಿಯೂ ನೆನಪಿಟ್ಟುಕೊಳ್ಳುವುದು ಲೇಸು. ಹದಿಮೂರು ತುಂಬಿದರೂ ಸ್ತನಗಳ ಬೆಳವಣಿಗೆ ಕಾಣದಿರುವುದು. ಹದಿನೈದು ತುಂಬಿದರೂ ಮುಟ್ಟು ಆರಂಭವಾಗದಿರುವುದು. ಮುಟ್ಟಿಲ್ಲದೆ ಪ್ರತಿ ತಿಂಗಳೂ ಕಿಬ್ಬೊಟ್ಟೆ ನೋಯುವುದು (ಇದರಲ್ಲಿ ಸ್ರಾವದ ದಾರಿ ಮುಚ್ಚಿರುವ ಸಂಭವವುಂಟು). ಆರಂಭವಾದ ಮೇಲೆ 90 ದಿನ ಮೀರಿ ನಿಲ್ಲುವುದು. 21 ದಿನಕ್ಕಿಂತ ಮೊದಲೇ ಮರಳಿ ಮರಳಿ ಬರುವುದು. ಏಳು ದಿನ ಮೀರಿ ನಡೆಯುವುದು. ಒಂದೆರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡು ತೊಯ್ಯುವುದು. ಮೂರು ತಿಂಗಳು ಔಷಧ ಕೊಟ್ಟರೂ ನೋವು ತಗ್ಗದಿರುವುದು. ಜ್ವರ, ದುರ್ವಾಸನೆಯ ಸ್ರಾವ ಕಾಣುವುದು – ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಅವಶ್ಯ. ಮೊದಲ ಮುಟ್ಟಿನಿಂದಲೇ ಅತಿಸ್ರಾವವಿದ್ದು, ಮೂಗಿನಿಂದಲೂ ಒಸಡಿನಿಂದಲೂ ರಕ್ತ ಬರುವ ಸ್ವಭಾವವಿದ್ದರೆ ರಕ್ತ ಹೆಪ್ಪುಗಟ್ಟದ ದೋಷವನ್ನು ಸಂಶಯಿಸಬೇಕು.

ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ 'ಸ್ನೇಹ ಕ್ಲಿನಿಕ್' ಎಂಬ ವಿಭಾಗಗಳಿವೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ತಿಕೋಟಾ, ಬಬಲೇಶ್ವರಗಳಿಂದ ಜಿಲ್ಲಾ ಕೇಂದ್ರವು ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರು ಮಾತ್ರ. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಮಹಾವಿದ್ಯಾಲಯಗಳೂ ಇವೆ. ದಾರಿ ಹತ್ತಿರವಿದ್ದರೂ ಸಂಕೋಚವು ಅದನ್ನು ದೂರ ಮಾಡಿದೆ.

ಗರ್ಭಕೋಶವನ್ನು ತೆಗೆಸುವ ಆತುರ

ಈ ಸಂಕೋಚದ ಕೊನೆಯ ಫಲವು ಘೋರವಾದುದು. 2015ರಲ್ಲಿ ನೆರೆಯ ಕಲಬುರಗಿ ಜಿಲ್ಲೆಯಲ್ಲಿ, ತಾಂಡಾ ಮತ್ತು ಹಳ್ಳಿಗಳ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ದೂರುಗಳು ಬೆಳಕಿಗೆ ಬಂದು ನಾಡಿನಲ್ಲಿ ದೊಡ್ಡ ಚರ್ಚೆಯಾಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲಿಯೂ ಇಂಥದೇ ಸಂಗತಿ ಹೊರಬಂದಿತು. ಮುಟ್ಟಿನ ದಿನಗಳಲ್ಲಿ ಕೂಲಿ ತಪ್ಪುವುದೆಂಬ ಅಂಜಿಕೆ, ಬಿಳಿಸ್ರಾವವೂ ಸೊಂಟನೋವೂ ಮುಂದೆ ಕ್ಯಾನ್ಸರಾಗುವುವೆಂಬ ಹೆದರಿಕೆ – ಇವೆರಡೂ ಎಳೆಯ ವಯಸ್ಸಿನ ತಾಯಂದಿರನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ತಂದವು. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳು ವಿಜಯಪುರ ಜಿಲ್ಲೆಯಲ್ಲಿಯೂ ಇವೆ. ಆದುದರಿಂದ ಇದು ಅನ್ಯರ ಕತೆಯಲ್ಲ.

ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತರಲ್ಲಿಯೇ ಮುಟ್ಟು ನಿಂತ ಮುದುಕಿಯ ಸ್ಥಿತಿ ಒದಗುವುದು. ಎಲುಬು ಸವೆಯುವುದು, ಹೃದಯರೋಗದ ಸಂಭವ ಹೆಚ್ಚುವುದು. ಅತಿಸ್ರಾವಕ್ಕೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದಂಥ ಗುಳಿಗೆಗಳು, ಹಾರ್ಮೋನಿನ ಚಿಕಿತ್ಸೆ, ಗರ್ಭಕೋಶದೊಳಗೆ ಇಡುವ ಹಾರ್ಮೋನುಯುಕ್ತ ಸಾಧನ ಮೊದಲಾದ ದಾರಿಗಳಿವೆ. ಶಸ್ತ್ರಚಿಕಿತ್ಸೆಯು ನಿಜವಾಗಿ ಅವಶ್ಯವಾದ ಸಂದರ್ಭಗಳೂ ಉಂಟು. ಆದರೆ ಅದು ಕೊನೆಯ ದಾರಿಯಾಗಿರಬೇಕು. ಕೇಂದ್ರ ಸರಕಾರವು ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಡೆಯಲು 2022ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅವನ್ನು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಪ್ರತಿ ಹೆಣ್ಣುಮಗಳ ಹಕ್ಕು. ಹದಿಮೂರನೆಯ ವಯಸ್ಸಿನಲ್ಲಿ ತನ್ನ ಶರೀರವನ್ನು ಕುರಿತು ಪ್ರಶ್ನೆ ಕೇಳಲು ಕಲಿತವಳು ಮೂವತ್ತರಲ್ಲಿ ಆ ಹಕ್ಕನ್ನು ಬಳಸಬಲ್ಲಳು.

ಶಾಲೆಯ ಕರ್ತವ್ಯ

ಕನ್ನಡದಲ್ಲಿ ಈ ಮಾತನ್ನು ಹೇಳುವ ಧೈರ್ಯ ಹೊಸದಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ದಶಕಗಳ ಹಿಂದೆಯೇ 'ಕೇಳು ಕಿಶೋರಿ'ಯಂಥ ಪುಸ್ತಕಗಳ ಮೂಲಕ ತಾಯಿಯಂತೆ ತಿಳಿಹೇಳಿದರು. ಅಂಥ ಪುಸ್ತಕಗಳು ಶಾಲೆಯ ಗ್ರಂಥಾಲಯದ ಬೀಗ ಹಾಕಿದ ಕಪಾಟಿನಲ್ಲಿರದೆ ಹುಡುಗಿಯರ ಕೈಯಲ್ಲಿರಬೇಕು. ಸಂತಾನೋತ್ಪತ್ತಿಯ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿರಿ' ಎಂದು ದಾಟಿಸದೆ ಗಂಡುಮಕ್ಕಳ ಸಮ್ಮುಖದಲ್ಲಿಯೇ ಗಂಭೀರವಾಗಿ ಬೋಧಿಸಬೇಕು. ನಾಳೆಯ ಪತಿ, ತಂದೆ, ವೈದ್ಯ, ಅಧಿಕಾರಿಗಳು ಅವರೇ ಆಗಿರುವರು.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಆಗಬಹುದಾದ ಕಾರ್ಯಗಳು ದುಬಾರಿಯಾದುವಲ್ಲ. ಬಾಲಕಿಯರ ಶೌಚಗೃಹದಲ್ಲಿ ಒಳಗಿನಿಂದ ಭದ್ರವಾಗುವ ಬಾಗಿಲು, ವರ್ಷವಿಡೀ ನೀರು, ಸಾಬೂನು, ಮುಚ್ಚಳವುಳ್ಳ ಡಬ್ಬಿ; ಒಂದು ಮಂಚ, ಬಿಸಿನೀರಿನ ಚೀಲಗಳು, ಕೆಲವು ಪ್ಯಾಡುಗಳನ್ನುಳ್ಳ ಸಣ್ಣ ವಿಶ್ರಾಂತಿ ಕೋಣೆ; ವರ್ಷಕ್ಕೆರಡು ಬಾರಿ ಹಿಮೋಗ್ಲೋಬಿನ್ ಪರೀಕ್ಷೆ – ಇಷ್ಟಿದ್ದರೆ ಸಾಕು. ಪ್ಯಾಡನ್ನಾಗಲಿ ಬಟ್ಟೆಯನ್ನಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ಕತ್ತಲ ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸಿದ ಬಟ್ಟೆ ಸೋಂಕಿಗೆ ದಾರಿ. ರಾಜ್ಯ ಸರಕಾರದ 'ಶುಚಿ' ಯೋಜನೆಯು ನಡುವೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಚಾಲನೆ ಪಡೆಯಿತು. ಸರಕಾರದ ಪೂರೈಕೆ ತಡೆದಾಗ ಬಾಲಕಿಯ ಶಿಕ್ಷಣ ತಡೆಯದಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ದುಡಿಯುವ ಸ್ತ್ರೀಯರಿಗೆ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ನೀಡಿತು. ಮುಟ್ಟಿನ ನೋವು ಸರಕಾರವೂ ಗಣನೆಗೆ ತೆಗೆದುಕೊಳ್ಳಬೇಕಾದ ಸಂಗತಿಯೆಂಬುದು ಇದರಿಂದ ಸ್ಪಷ್ಟ.

ನೀರಿನ ಅಭಾವವು ಈ ಸೀಮೆಗೆ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲಿ ತಾಜ್ ಬಾವಡಿಯಂಥ ಬಾವಿಗಳನ್ನು ಕಟ್ಟಿ ನಗರಕ್ಕೆ ನೀರೊದಗಿಸಿದವರನ್ನು ಜನ ಇಂದಿಗೂ ನೆನೆಯುವರು. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಹಿರಿಯರು ಅಕ್ಷರದಾಸೋಹವನ್ನು ನಡೆಸಿದರು. 2003ರಲ್ಲಿ ಈ ನಗರದಲ್ಲಿಯೇ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವು ಸ್ಥಾಪನೆಗೊಂಡು, ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತು ನಿಂತಿದೆ. ಅಲ್ಲಿಯವರೆಗೆ ನಡೆದುಹೋಗಬೇಕಾದ ಹುಡುಗಿಯು ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿಯೇ ತಿಂಗಳಿಗೆ ಮೂರು ದಿನ ಶಾಲೆ ತಪ್ಪಿಸಿಕೊಂಡು, ಪಾಠದಲ್ಲಿ ಹಿಂದುಳಿದು, ಕೊನೆಗೆ ಶಾಲೆಯನ್ನೇ ಬಿಡುವಂತಾದರೆ ಆ ಹಿರಿಯರ ಶ್ರಮ ಅರ್ಧಕ್ಕೆ ನಿಂತಂತೆ. ಬಾಲಕಿಯರ ಶೌಚಗೃಹಕ್ಕೆ ಬರುವ ಒಂದು ನಳದ ನೀರೂ, ನೋವಿನ ಹೊತ್ತಿಗೆ ಸಿಗುವ ಒಂದು ಬಿಸಿನೀರಿನ ಚೀಲವೂ, ಸಂಕೋಚವಿಲ್ಲದೆ ಉತ್ತರ ಕೊಡುವ ಒಬ್ಬ ಗುರುಮಾತೆಯ ಮಾತೂ ದಾಸೋಹದ ರೂಪಗಳೇ ಎಂಬುದರಲ್ಲಿ ಸಂಶಯವಿಲ್ಲ.